ಕಸ್ತೂರೆವ್ವ ಇಲ್ಲದ ದಿನ

ನಿಮ್ಮ ಓಣಿಯಲ್ಲಿ ದಿನಾ ಕಾಣುವ ಒಬ್ಬ ಮನುಷ್ಯ ನಾಳೆಯಿಂದ ಇಲ್ಲ ಎಂದುಕೊಳ್ಳಿ. ಸತ್ತಿಲ್ಲ, ಊರು ಬಿಟ್ಟಿಲ್ಲ, ಹುಟ್ಟೇ ಇರಲಿಲ್ಲ ಎಂಬಷ್ಟು ಇಲ್ಲ. ಆಗ ದೇಶಕ್ಕೆ ಎಷ್ಟು ರೂಪಾಯಿ ಕಡಿಮೆ ಬೀಳುತ್ತದೆ? ಕಟ್ಟೆಯ ಮೇಲೆ ಕೂತವರನ್ನು ಹೀಗೆ ಕೇಳಿದರೆ ‘ತಲೆ ಕೆಟ್ಟಿದೆಯೇನೋ’ ಎಂದು ಒಂದು ಕಪ್ ಚಹಾ ಕುಡಿಸಿ ಮನೆಗೆ ಕಳಿಸುತ್ತಾರೆ. ಧಾರವಾಡದ ಡಾ. ದಾಕ್ಷಾಯಿಣಿ ಮುದಕವಿಗೆ ಮಾತ್ರ ಸರ್ಕಾರ ಒಂದು ಗುಡ್ಡ, ಅದರ ಮೇಲೊಂದು ನಾಲ್ಕು ಮಹಡಿಯ ಕಟ್ಟಡ, ಜೊತೆಗೆ ಹದಿನಾಲ್ಕು ವರ್ಷ ಕೊಟ್ಟು ‘ಲೆಕ್ಕ ಹಾಕಿ ಹೇಳು ತಾಯಿ’ ಎಂದಿತ್ತು.

ಅವಳು ಹಾಕಿಯೂ ತೋರಿಸಿದಳು ಅನ್ನಿ! ದೇಶದಲ್ಲಿ ಕೈ ಬದಲಾಗುವ ಪ್ರತಿ ರೂಪಾಯಿಯೂ ಆ ಗುಡ್ಡದ ಮೇಲಿನ ನಿಯಂತ್ರಣ ಕೊಠಡಿಗೆ ಒಂದು ಬೆಳಕಿನ ಚುಕ್ಕಿಯಾಗಿ ಬರುತ್ತಿತ್ತು. ಕಾಗದದ ನೋಟಿಗೂ ಆ ಕಾಲದಲ್ಲಿ ಗುರುತಿನ ಎಳೆಯೊಂದನ್ನು ನೇಯ್ದಿದ್ದರು. ಹಾಗಾಗಿ ಸಂತೆಯಲ್ಲಿ ಸೊಪ್ಪು ಕೊಂಡ ಹತ್ತು ರೂಪಾಯಿಯೂ ಚುಕ್ಕಿ, ಉಕ್ಕಿನ ಕಾರ್ಖಾನೆಗೆ ಸಿಕ್ಕ ಸಾಲವೂ ಚುಕ್ಕಿ. ಈ ಚುಕ್ಕಿಗಳಿಂದ ಯಂತ್ರ ತನ್ನೊಳಗೆ ಇನ್ನೊಂದು ದೇಶ ಕಟ್ಟಿಕೊಳ್ಳುತ್ತಿತ್ತು. ಅದಕ್ಕೆ ‘ನೆರಳು ದೇಶ’ ಎಂದು ಹೆಸರು. ನೆರಳು ದೇಶದಿಂದ ಒಬ್ಬರನ್ನು ಎತ್ತಿಬಿಟ್ಟು, ಅದನ್ನು ತನ್ನಷ್ಟಕ್ಕೆ ಓಡಲು ಬಿಟ್ಟು, ಕೊನೆಗೆ ನಿಜದ ದೇಶದ ಪಕ್ಕಕ್ಕಿಟ್ಟು ನೋಡಿದರೆ ಏನು ವ್ಯತ್ಯಾಸ ಬರುತ್ತದೋ ಅದೇ ಆ ಮನುಷ್ಯನ ‘ಅಂತರ’. ಕಾಗದಪತ್ರದಲ್ಲಿ ಯಂತ್ರಕ್ಕೆ ಮೊಳದುದ್ದದ ಹೆಸರಿತ್ತು. ಜನ ಅದನ್ನು ‘ಇಲ್ಲದಳತೆ ಯಂತ್ರ’ ಎಂದು ಕರೆದರು.

ಅಳೆಯಬೇಕಾಗಿದ್ದದ್ದು ನಡುವೆ ನಿಲ್ಲುವವರನ್ನು. ಹಣ ಇರುವವನಿಗೂ ಹಣ ಬೇಕಾದವನಿಗೂ ನಡುವೆ ಬ್ಯಾಂಕು, ಚೀಟಿ ನಡೆಸುವವರು, ವಿಮೆ ಏಜೆಂಟರು, ಷೇರು ದಲ್ಲಾಳಿಗಳು, ಸಹಕಾರಿ ಸಂಘಗಳು ಹೀಗೆ ಲಕ್ಷಗಟ್ಟಲೆ ಮಂದಿ ನಿಂತಿದ್ದರು. ಇವರು ದೇಶವನ್ನು ಹೊತ್ತಿದ್ದಾರೋ, ದೇಶ ಇವರನ್ನು ಹೊತ್ತಿದೆಯೋ ಎಂಬುದು ನೂರು ವರ್ಷದ ಜಗಳ. ಯಂತ್ರ ಮೊದಲ ವರ್ಷವೇ ಹಲವರ ಬಾಯಿ ಮುಚ್ಚಿಸಿತು. ಕನ್ನಡಿ ಗೋಡೆಯ ಕಟ್ಟಡದಲ್ಲಿ ಕೂತ ಒಂದು ದೊಡ್ಡ ಷೇರು ದಲ್ಲಾಳಿ ಸಂಸ್ಥೆಯನ್ನು ತೆಗೆದರೆ ನೆರಳು ದೇಶ ಕಣ್ಣು ಸಹ ಪಿಳುಕಿಸಲಿಲ್ಲ. ನೇಕಾರರ ಸಣ್ಣ ಸಂಘವೊಂದರ ಮುದಿ ಗುಮಾಸ್ತನನ್ನು ತೆಗೆದರೆ ಆರು ತಿಂಗಳಲ್ಲಿ ಏಳು ನೂರು ಮಗ್ಗ ನಿಂತವು. ಅಬ್ಬಾ, ಅಂದು ದಾಕ್ಷಾಯಿಣಿ ತನ್ನ ಯಂತ್ರದ ಮೈಮೇಲೆ ಕೈಯಿಟ್ಟು ಹಸುವಿನ ಬೆನ್ನು ಸವರಿದಂತೆ ಸವರಿದ್ದಳು.

ಈ ಅಳತೆಯನ್ನು ನಂಬಿಯೇ ಸರ್ಕಾರ ‘ನೇರ ಹಣ ಕಾಯಿದೆ’ ತಂದಿತು. ಅಂತರ ಒಂದು ರೂಪಾಯಿಗಿಂತ ಕಡಿಮೆ ಬಂದವರನ್ನೆಲ್ಲ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಡುವಿನಿಂದ ತೆಗೆದುಬಿಡುವುದು, ಅವರ ಕೆಲಸವನ್ನು ನೇರವಾಗಿ ಜನರ ಫೋನಿಗೆ ಕೊಡುವುದು. ಕೊನೆಯ ಪಟ್ಟಿಗೆ ದಾಕ್ಷಾಯಿಣಿಯ ಸಹಿಯೊಂದೇ ಬಾಕಿ ಇತ್ತು. ಪಟ್ಟಿಯ ತುದಿಯಲ್ಲಿ ಪಿಗ್ಮಿ ಸಂಗ್ರಾಹಕರಿದ್ದರು. ದಿನಾ ಅಂಗಡಿಯಿಂದ ಅಂಗಡಿಗೆ ನಡೆದು ಐವತ್ತು, ನೂರು ಎಂದು ಉಳಿತಾಯ ಎತ್ತಿ ಬ್ಯಾಂಕಿಗೆ ಕಟ್ಟುವವರು, ಕಟ್ಟಿದ್ದರಲ್ಲಿ ನೂರಕ್ಕೆ ಮೂರು ಕಮಿಶನ್ ತೆಗೆದುಕೊಳ್ಳುವವರು. ನಲವತ್ತೊಂದು ಸಾವಿರ ಜನ. ಅಂತರ: ಸೊನ್ನೆ.

“ಸೊನ್ನೆ ಅಂದ್ರ ಪಕ್ಕಾ ಸೊನ್ನೀನ ಬಂದೈತ್ರಿ ಮೇಡಂ,” ಎಂದ ಅವಳ ಎಂಜಿನಿಯರ್ ಮಹಾಂತೇಶ, ಪರದೆ ನೋಡುತ್ತ. “ಇಷ್ಟ ನೆಟ್ಟಗ ಸೊನ್ನಿ ಯಾರದೂ ಬಂದಿದ್ದಿಲ್ಲ.”

ಆ ಮಾತು ಅವಳಿಗೆ ಚುಚ್ಚಬೇಕಾಗಿತ್ತು. ಚುಚ್ಚಲಿಲ್ಲ. ನಾಳೆ ಸಹಿ ಹಾಕಿದರಾಯಿತು ಎಂದುಕೊಂಡು, ಅಂದು ರವಿವಾರವಾದ್ದರಿಂದ ಹುಬ್ಬಳ್ಳಿಗೆ ಅವ್ವನ ಮನೆಗೆ ಊಟಕ್ಕೆ ಹೋದಳು.

ಅವ್ವನ ಮನೆಯೆಂದರೆ ಹಳೇ ಪೇಟೆಯ ನಡುವಿನ ಖಾನಾವಳಿ. ಮುಂದೆ ಆರು ಟೇಬಲ್ಲು, ಹಿಂದೆ ಒಲೆ, ಮಹಡಿಯ ಮೇಲೆ ಮನೆ. ಗುರುಬಸವ್ವನಿಗೆ ಎಪ್ಪತ್ತೊಂದು. ರೊಟ್ಟಿ ಬಡಿಯುವ ಸದ್ದು ಕೇಳಿಯೇ ಹಿಟ್ಟು ಹದವೋ ಅಲ್ಲವೋ ಹೇಳುವ ಹೆಂಗಸು. ಮಗಳಿಗೆ ಬಿಸಿ ರೊಟ್ಟಿ, ಎಣ್ಣೆಗಾಯಿ ಹಾಕಿ ಎದುರು ಕೂತಳು.

“ಕಸ್ತೂರೆವ್ವಗ ವಿಷಮಜ್ವರ ಬಂದಿತ್ತು ನೋಡಬೇ ದಾಕ್ಷಿ,” ಎಂದಳು. “ಹತ್ತೊಂಬತ್ತು ದಿನಾ ದವಾಖಾನ್ಯಾಗ. ಮನ್ನೆ ಬಂದ್ಲು, ಗಾಳಿಗಿ ಹಾರಿ ಹೋಗೂ ಹಂಗ ಆಗ್ಯಾಳ.”

ಕಸ್ತೂರೆವ್ವ ಆ ಪೇಟೆಯ ಪಿಗ್ಮಿ ಸಂಗ್ರಾಹಕಿ. ಮೂವತ್ತೊಂದು ವರ್ಷದಿಂದ ಅದೇ ನೂರಾ ಎಂಬತ್ತನಾಲ್ಕು ಅಂಗಡಿ. ದಾಕ್ಷಾಯಿಣಿಯ ಎಮ್ಮೆಸ್ಸಿಯ ಫೀ ಬಂದದ್ದು ಅವಳ ಚೀಲದ ಮೂಲಕವೇ.

“ಪಾಪ,” ಎಂದಳು ದಾಕ್ಷಾಯಿಣಿ, ರೊಟ್ಟಿ ಮುರಿಯುತ್ತ. “ಹಂಗಾರ ಹತ್ತೊಂಬತ್ತು ದಿನಾ ನಿನ್ನ ಪಿಗ್ಮಿ ನಿಂತಿತ್ತನ?”

“ಯಾಕ ನಿಲ್ಲತೈತಿ? ಹಸೀನಾ ಬರತಿದ್ಲು. ಗಂಟಿಕೇರಿ ಕಡೆ ಎತ್ತತಾಳಲ್ಲಾ, ಆಕಿ. ತಂದೂ ಮುಗಿಸಿ, ಕಸ್ತೂರೆವ್ವಂದೂ ಮುಗಿಸಿ ಹೋಗಾಕಿ.”

“ಕಟ್ಟತಿದ್ದದ್ದು ಯಾರ ನಂಬರಿಗಿ?”

“ಏ, ಶ್ಯಾಣ್ಯಾಕಿ! ಕಸ್ತೂರೆವ್ವನ ನಂಬರಿಗೇ. ಇಲ್ಲಾಂದ್ರ ಜ್ವರದಾಗ ಬಿದ್ದಾಕಿಗೆ ಕಮಿಶನ್ ಎಲ್ಲಿಂದ ಬರಬೇಕ? ಹಸೀನಾ ಹಡಿಯಾಕ ಹೋದಾಗ ಈಕಿ ಮಾಡಿದ್ಲು. ಮೊದಲಿಂದ ಹಂಗ ಐತಿ. ಎಲ್ಲಾ ಊರಾಗೂ ಪಿಗ್ಮಿ ಮಂದಿ ಹಂಗ ಮಾಡೂದು. ನೀ ಸಣ್ಣಾಕಿ ಇದ್ದಾಗ ಇಲ್ಲೇ ಕುಂತ ನೋಡೀಯಲ್ಲ?”

ರೊಟ್ಟಿಯ ತುಂಡು ಕೈಯಲ್ಲೇ ಉಳಿಯಿತು. ಹೌದು, ನೋಡಿದ್ದಳು. ಇದೇ ಟೇಬಲ್ಲಿನ ಮೇಲೆ ಹೋಮ್‌ವರ್ಕ್ ಮಾಡುತ್ತ ನೋಡಿದ್ದಳು!

ವಿಷಯ ಇಷ್ಟು. ಒಬ್ಬರನ್ನು ತೆಗೆದರೆ ಉಳಿದವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಯಂತ್ರ ಕಲಿಯುತ್ತಿದ್ದದ್ದು ನಿಜದ ರಜಾ ದಿನಗಳಿಂದ. ಬ್ಯಾಂಕಿನ ರಜಾ ಪುಸ್ತಕದಲ್ಲಿ ಸಂಗ್ರಾಹಕಿ ಇಲ್ಲ ಎಂದಿರುವ ದಿನ ಅವಳ ಹಾದಿಯ ಜನ ಎಷ್ಟು ಕಟ್ಟಿದರು ಎಂದಷ್ಟೇ ಅದು ನೋಡುತ್ತಿತ್ತು. ಅವಳು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ ಎಂದು ಕಂಡಿತು. ಸೊನ್ನೆ ಬರೆಯಿತು. ಆ ದಿನ ಇನ್ನೊಬ್ಬಳು ಎರಡು ಪಟ್ಟು ನಡೆದಳು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ನಲವತ್ತೊಂದು ಸಾವಿರ ಜನ ಒಬ್ಬರನ್ನೊಬ್ಬರು ಬೀಳಗೊಡಲಿಲ್ಲ, ಅದಕ್ಕೇ ಅವರು ಬೇಡವೆಂದು ದಾಕ್ಷಾಯಿಣಿಯ ಯಂತ್ರ ಹೇಳಿತ್ತು. ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಕೈ ತೊಳೆದು ಸೀದಾ ಕಸ್ತೂರೆವ್ವನ ಮನೆಗೆ ನಡೆದಳು. ಬದಲಿ ಎತ್ತುವುದು ನಿಯಮಕ್ಕೆ ವಿರುದ್ಧ. ಒಬ್ಬರ ನಂಬರಿಗೆ ಇನ್ನೊಬ್ಬರು ಕಟ್ಟಿದರೆ ಏಜೆನ್ಸಿ ರದ್ದು. ಯಂತ್ರದ ತಪ್ಪು ಹೇಳಬೇಕಾದರೆ ಇವರ ಗುಟ್ಟು ಹೇಳಬೇಕು. ಐವತ್ತೇಳರ ಕಸ್ತೂರೆವ್ವ ಹೊರಸಿನ ಮೇಲೆ ಶಾಲು ಹೊದ್ದು ಕೂತು ಎಲ್ಲವನ್ನೂ ಕೇಳಿದಳು.

“ಹೇಳದಿದ್ರ?” ಎಂದಳು.

“ಒಂದನೇ ತಾರೀಖಿಗಿ ಎಲ್ಲಾರದೂ ಹೋಗತೈತಿ, ಕಸ್ತೂರಕ್ಕ.”

“ಹೇಳಿದ್ರ ನಂದ ಒಬ್ಬಾಕಿದು ಹೋಗಬಹುದು. ಹೌದಲ್ಲೋ?” ಕಸ್ತೂರೆವ್ವ ನಕ್ಕಳು. “ಇದರಾಗ ವಿಚಾರ ಮಾಡೂದೇನೈತಿ ತಂಗಿ? ನನ್ನ ಹೆಸರು ಬರಿ. ಹಸೀನಾಂದು ಬ್ಯಾಡ, ಆಕಿಗಿ ಸಣ್ಣ ಮಕ್ಕಳ ಅದಾವು.”

ಸೋಮವಾರ ದಾಕ್ಷಾಯಿಣಿ ಸಹಿ ಹಾಕುವ ಬದಲು ತಪ್ಪೊಪ್ಪಿಗೆ ಬರೆದಳು. ಬುಧವಾರ ಕಾಯಿದೆಯ ಸಮಿತಿಯ ಅಧ್ಯಕ್ಷರು ಖುದ್ದಾಗಿ ಗುಡ್ಡ ಹತ್ತಿ ಬಂದರು. ಮೈಸೂರಿನ ಕಡೆಯ ವೆಂಕಟಾಚಲಯ್ಯನವರು, ಮಿತಭಾಷಿ, ಇಸ್ತ್ರಿ ಮುರಿಯದ ಬಿಳಿ ಅಂಗಿ. ಕೆಟ್ಟವರಲ್ಲ. ಕಣ್ಣಿಗೆ ಕಾಣದ್ದನ್ನು ನಂಬುವವರೂ ಅಲ್ಲ.

“ನೋಡಿ ಡಾಕ್ಟರೇ,” ಎಂದರು. “ಹದಿನಾಲ್ಕು ವರ್ಷ ಯಂತ್ರ ಸರಿ ಅಂದ್ರಿ. ಈಗ ನಿಮ್ಮ ತಾಯಿಯವರು ಊಟ ಬಡಿಸುವಾಗ ಹೇಳಿದ್ರು ಅಂತ ತಪ್ಪು ಅಂತೀರಿ. ನಾನು ದೆಹಲಿಗೆ ಹೋಗಿ ಏನು ಹೇಳಲಿ?”

“ನಿಜವಾಗಿ ಒಬ್ಬರೂ ಹೋಗದ ದಿನ ಒಂದನ್ನಾದರೂ ಯಂತ್ರಕ್ಕೆ ತೋರಿಸಬೇಕು ಸರ್. ಅಂಥ ದಿನ ಇದುವರೆಗೆ ಅದು ನೋಡೇ ಇಲ್ಲ.”

“ಸರಿ, ತೋರಿಸಿ. ಆ ಕಸ್ತೂರಮ್ಮನವರ ಹಾದಿ ಒಂಬತ್ತು ದಿನ ಬಂದ್. ಅವರೂ ಪೇಟೆಗೆ ಹೋಗಬಾರದು, ಬದಲಿಗೆ ಯಾರೂ ಹೋಗಬಾರದು. ಅಂಗಡಿಯವರ ಫೋನಿಗೆ ನೇರ ಕಟ್ಟೋ ಸೌಲಭ್ಯ ಕೊಡ್ತೀವಿ. ಕಟ್ಟೋ ಹಣ ಕುಸಿದ್ರೆ ಸಂಗ್ರಾಹಕರು ಉಳೀತಾರೆ, ನಿಯಮ ಮುರಿದದ್ದನ್ನೂ ನಾನು ಮನ್ನಿಸ್ತೀನಿ. ಕುಸೀದೇ ಇದ್ರೆ ಕಾಯಿದೆ ತನ್ನ ಕೆಲಸ ಮಾಡುತ್ತೆ. ಒಪ್ಪಿಗೇನಾ?”

ಒಪ್ಪದೆ ಏನು ಮಾಡುವುದು? ಒಪ್ಪಿದಳು. ಹಣ ಕುಸಿದೇ ಕುಸಿಯುತ್ತದೆ ಎಂಬ ಧೈರ್ಯ ಅವಳಿಗಿತ್ತು. ಅವ್ವನೇ ಎಷ್ಟೋ ಸಲ ಹೇಳಿರಲಿಲ್ಲವೇ: “ಫೋನು ಕೇಳಿದ್ರ ‘ನಾಳೆ’ ಅಂತ ಒತ್ತಿಬಿಡತೀನಿ. ಕಸ್ತೂರೆವ್ವ ಬಂದು ಎದುರು ನಿಂತ್ರ ‘ನಾಳೆ’ ಅನ್ನಾಕ ಬಾಯಿ ಬರಂಗಿಲ್ಲ.”

ಮೊದಲ ದಿನ, ಶುಕ್ರವಾರ. ಹನ್ನೊಂದಕ್ಕೆ, ಕಸ್ತೂರೆವ್ವ ದಿನಾ ಪೇಟೆಯ ಮೂಲೆಯ ಗಿರಣಿಯಿಂದ ಶುರು ಮಾಡುವ ಹೊತ್ತಿಗೆ, ನೂರಾ ಎಂಬತ್ತನಾಲ್ಕು ಫೋನುಗಳು ಒಮ್ಮೆಲೇ ಗುಂಯ್ ಅಂದವು. ‘ಇಂದಿನ ಉಳಿತಾಯ ಕಟ್ಟುವಿರಾ?’ ಗುಡ್ಡದ ಮೇಲೆ ದೊಡ್ಡ ಪರದೆಯ ಮುಂದೆ ಅಧ್ಯಕ್ಷರು ಕುರ್ಚಿ ಎಳೆದುಕೊಂಡು ಕೂತರು. ದಾಕ್ಷಾಯಿಣಿ ನಿಂತೇ ಇದ್ದಳು. ಅರ್ಧ ಗಂಟೆಯಾದರೂ ಫೋನಿನ ದಾರಿಯಲ್ಲಿ ಒಂದು ಚುಕ್ಕಿಯೂ ಬರಲಿಲ್ಲ. ಅವಳಿಗೆ ಉಸಿರು ಹಗುರಾಯಿತು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಮಹಾಂತೇಶ ಗಂಟಲು ಸರಿಮಾಡಿಕೊಂಡ. “ಮೇಡಂ, ರೊಕ್ಕ ಬರಾಕತ್ತೈತ್ರಿ.”

“ಫೋನಿಂದ?”

“ಅಲ್ರಿ. ಕಸ್ತೂರೆವ್ವನ ನಂಬರಿನ್ಯಾಗನ ಬರಾಕತ್ತೈತಿ.”

ಪರದೆಯ ಮೇಲಿನ ಗೆರೆ ಏರುತ್ತಿತ್ತು. ಹನ್ನೆರಡೂವರೆಗೆ ಅದು ದಿನನಿತ್ಯದ ಗೆರೆಯ ಮೇಲೆ ನೆಟ್ಟಗೆ ಕೂತುಬಿಟ್ಟಿತು. ಎರಡರ ನಡುವೆ ಕೂದಲೆಳೆಯಷ್ಟೂ ಸಂದಿಲ್ಲ. ಪಕ್ಕದಲ್ಲಿ ಅಂತರ: ಸೊನ್ನೆ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. “ಯಾರೋ ಬದಲಿ ಹೋಗಿದಾರೆ ಅಂತೀರಾ?”

“ಇಲ್ಲ ಸರ್. ಪೇಟೇಲಿ ಪಿಗ್ಮಿಯವರು ರಸೀದಿ ಕೊಡೋ ಒಂದು ಕೈಯಂತ್ರವೂ ಓಡುತ್ತಿಲ್ಲ,” ಎಂದಳು ದಾಕ್ಷಾಯಿಣಿ.

“ಅಂದ್ಮೇಲೆ ಅವರಿಲ್ಲದೇನೂ ನಡೀತಿದೆ ಅಂತಾಯ್ತು. ನನಗೂ ಬೇಜಾರೇ ಡಾಕ್ಟರೇ.”

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಅವ್ವ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಗುರುಬಸವ್ವ ಜನ್ಮದಲ್ಲಿ ಫೋನು ಮುಟ್ಟಿದವಳಲ್ಲ. ಏನು ಅನಾಹುತವೋ ಎಂದುಕೊಂಡು ಎತ್ತಿದರೆ ಹಿಂದೆ ಸಂತೆಯ ಗದ್ದಲ.

“ದಾಕ್ಷೀ, ನಿನ್ನ ಮಷೀನಿನ್ಯಾಗ ಕಸ್ತೂರೆವ್ವನ ಲೆಕ್ಕ ಬೀಳಾಕತ್ತೈತಿಲ್ಲೋ?”

“ಯವ್ವಾ, ಎಲ್ಲಿದ್ದೀ ನೀ?”

“ಬ್ಯಾಂಕಿನ್ಯಾಗ, ಪಾಳಿ ಹಚ್ಚೇನಿ! ಇಡೀ ಪ್ಯಾಟಿ ಇಲ್ಲೈತಿ. ಗಿರಣಿ ಶಂಕ್ರಪ್ಪ ಅದಾನ, ಬಳಿ ಅಂಗಡಿ ಮಮ್ತಾಜ ಅದಾಳ, ಹೂವಿನ ಮಂದಿ ಅದಾರ, ಸಾಲು ಬೀದಿತನಕಾ ಹೋಗೈತಿ, ಕಟ್ಟಿದವ್ರೂ ಇನ್ನಾ ಇಲ್ಲೇ ನಿಂತಾರ. ಫೋನಿನ್ಯಾಗ ಕಟ್ಟಿದ್ರ ಆಕಿ ನಂಬರ್ ಹಾಕಾಕ ಜಾಗಾನ ಇಲ್ಲ. ಕೌಂಟರಿನ ಚೀಟಿ ಮ್ಯಾಲ ಐತಿ. ನಿಮ್ಮ ಸರಕಾರದಾವ್ರು ಆಕೀನ ತೆಗೀಬೇಕಂತ ಕುಂತಾರ, ಆಕಿ ಲೆಕ್ಕ ಒಂದ ದಿನಾನೂ ಬಿಡಬಾರ್ದು ಅಂತ ನಿನ್ನೆ ನಾವೆಲ್ಲಾ ಮಾತಾಡ್ಕೊಂಡೇವಿ!”

ದಾಕ್ಷಾಯಿಣಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸಂಗ್ರಾಹಕರು ಮಾಡುತ್ತಿದ್ದದ್ದನ್ನೇ ಈಗ ಅಂಗಡಿಯವರೂ ಮಾಡುತ್ತಿದ್ದರು. ಪ್ರೀತಿಯಿಂದ ಕಸ್ತೂರೆವ್ವನನ್ನು ಉಳಿಸಹೊರಟು, ಅವಳು ಬೇಡವೆಂದು ಸಾಬೀತು ಮಾಡುತ್ತಿದ್ದರು. ಅಯ್ಯೋ ನನ್ನವ್ವಾ!

“ಯವ್ವಾ, ಖಾನಾವಳಿ ಯಾರು ನೋಡಾಕತ್ತಾರ?”

“ಯಾರ್ ನೋಡತಾರ? ಕೀಲಿ ಹಾಕೇನಿ. ನಲವತ್ತು ಮಂದಿ ಬಂದು ಬಾಗಲಾ ನೋಡಿ ಹ್ವಾದ್ರಂತ. ನಾದಿದ ಹಿಟ್ಟು ಒಣಗಿ ಕಲ್ಲಾಗಿರಬೇಕ ಈಗ.”

ದಾಕ್ಷಾಯಿಣಿ ಫೋನನ್ನು ಹಾಗೇ ಮೇಜಿನ ಮೇಲಿಟ್ಟು, ದನಿ ಎಲ್ಲರಿಗೂ ಕೇಳುವಂತೆ ಮಾಡಿದಳು. “ಮಹಾಂತೇಶ, ಪಿಗ್ಮಿ ಗೆರಿ ಬಿಡ್ರಿ. ಹಳೇ ಪ್ಯಾಟಿ ಪೂರ್ತಿ ತೋರಸ್ರಿ. ಎಲ್ಲಾ ವ್ಯಾಪಾರ.”

ಪರದೆಯ ಮೇಲೆ ಹುಬ್ಬಳ್ಳಿ ಬಂತು. ಊರಿನ ತುಂಬ ಚುಕ್ಕಿಗಳು ಮಿಣಮಿಣ ಎನ್ನುತ್ತಿದ್ದವು, ಮಧ್ಯಾಹ್ನದ ಭರ್ತಿ ವ್ಯಾಪಾರ. ಹಳೇ ಪೇಟೆ ಇರುವ ಕಡೆ ಕತ್ತಲು. ಗಿರಣಿ ಆರಿತ್ತು, ಬಳೆ ಅಂಗಡಿ ಆರಿತ್ತು, ಹೂವಿನ ಸಾಲು ಪೂರ್ತಿ ಆರಿತ್ತು. ಊರ ನಡುವೆ ಒಲೆ ಆರಿದ ಮನೆಯ ಹಾಗೆ ಆ ಜಾಗ ಕಪ್ಪಗಿತ್ತು. ಅಧ್ಯಕ್ಷರು ಎದ್ದು ಪರದೆಯ ಹತ್ತಿರ ಹೋದರು.

“ಇದೇನಿದು?”

“ಇದೇ ಕಸ್ತೂರಕ್ಕ ಇಲ್ಲದಿರೋದು ಸರ್. ನಾನು ಹಣ ಅಳೀತಾ ಕೂತಿದ್ದೆ. ಹಣವನ್ನ ಜನ ಹ್ಯಾಗಾದ್ರೂ ಮಾಡಿ ಬ್ಯಾಂಕಿಗೆ ಮುಟ್ಟಿಸ್ತಾರೆ. ಆದರೆ ಅವಳೊಬ್ಬಳು ನಾಲ್ಕು ತಾಸು ನಡೆದರೆ ನೂರಾ ಎಂಬತ್ತನಾಲ್ಕು ಜನ ತಮ್ಮ ತಮ್ಮ ಒಲೆ, ತಕ್ಕಡಿ, ಗಿರಣಿ ಬಿಟ್ಟು ಏಳಬೇಕಾಗಿಲ್ಲ. ಇಷ್ಟು ದಿನ ಇದನ್ನ ಅಳೀಬೇಕು ಅಂತ ನನಗೆ ಹೊಳೀಲೇ ಇಲ್ಲ.”

ವೆಂಕಟಾಚಲಯ್ಯನವರು ಮೇಜಿನ ಬಳಿಗೆ ಮರಳಿದರು. ಆಮೇಲೆ ಫೋನಿನ ಕಡೆಗೆ ಬಾಗಿ ಕೇಳಿದರು: “ಅಮ್ಮಾ, ನಾನು ಸಮಿತಿ ಅಧ್ಯಕ್ಷ ಮಾತಾಡ್ತಿರೋದು. ನಾಳೆಯೂ ಹೀಗೇ ಬರ್ತೀರಾ?”

“ನಾಳೆ ಬರತೇನ್ರಿ ಸಾಹೇಬ್ರ, ನಾಡದೂ ಬರತೇನ್ರಿ,” ಎಂದಳು ಗುರುಬಸವ್ವ, ಎಳ್ಳಷ್ಟೂ ಅಳುಕದೆ. “ಆದ್ರ ಒಂಬತ್ತು ದಿನಾ ನನ್ನ ಗಿರಾಕಿಗೋಳಿಗೆ ಊಟಾ ನೀವು ಬಂದು ನೀಡತೀರೇನು?”

ಮಹಾಂತೇಶ ನಗು ತಡೆಯಲಾರದೆ ಆಚೆ ತಿರುಗಿದ. ಅಷ್ಟರಲ್ಲಿ ಆ ಕಡೆ ಗದ್ದಲ ಜೋರಾಯಿತು. ಯಾರೋ ಯಾರನ್ನೋ ಬೈಯುವ ದನಿ.

“ಏನಾತಬೇ?” ಎಂದಳು ದಾಕ್ಷಾಯಿಣಿ.

“ಕಸ್ತೂರೆವ್ವ ಬಂದ್ಲು! ಶಾಲು ಹೊತಗೊಂಡು ಆಟೋದಾಗ ಬಂದಾಳ. ಯಪ್ಪಾ, ಏನ್ ಬೈಯಾಕತ್ತಾಳ ನೋಡು!”

ಕಸ್ತೂರೆವ್ವನ ದನಿ ಗುಡ್ಡದ ಮೇಲಿನ ಕೊಠಡಿಯಲ್ಲಿ ಸ್ಪಷ್ಟವಾಗಿ ಕೇಳಿತು. ಜ್ವರದಿಂದ ಇಳಿದಿದ್ದರೂ ಖಣ್ ಎನ್ನುವ ದನಿ. “ಬುದ್ಧಿ ಐತೋ ಇಲ್ಲೋ ನಿಮಗ? ಊಟದ ಹೊತ್ತಿನ್ಯಾಗ ಅಂಗಡಿ ಮುಚ್ಚಿ ಬಂದೀರಿ! ಶಂಕ್ರಪ್ಪ, ಗಿರಣಿ ಮುಂದ ಹೆಣ್ಮಕ್ಕಳು ಡಬ್ಬಿ ಹಿಡಕೊಂಡು ನಿಂತಾರಂತ. ಏನಂತ ಬಂದಿ? ಕೊಡ್ರಿ, ರೊಕ್ಕ, ಚೀಟಿ ಎರಡೂ ಕೊಡ್ರಿ ನನ್ನ ಕೈಯಾಗ. ನಡೀರಿ ಎಲ್ಲಾರೂ. ನಾ ನಿಂತ ಕಟ್ಟತೀನಿ.”

“ಕಸ್ತೂರಕ್ಕಾ!” ದಾಕ್ಷಾಯಿಣಿ ಫೋನಿಗೆ ಕೂಗಿದಳು. “ನೀನು ಬರಬಾರದಿತ್ತು. ಪ್ರಯೋಗ…”

“ಪ್ಯಾಟಿಗಿ ಹೋಗಬ್ಯಾಡ ಅಂದಿದ್ರಿ, ಹೋಗಿಲ್ಲ. ಬ್ಯಾಂಕಿಗಿ ಬಂದೇನಿ,” ಎಂದಳು ಕಸ್ತೂರೆವ್ವ, ಫೋನು ಇಸಿದುಕೊಂಡು. “ನಿನ್ನ ಪ್ರಯೋಗ ಹಾಳಾದ್ರ ತಪ್ಪಾತು ತಂಗಿ, ನಂದು ಹೋದ್ರ ಹೋಗಲಿ. ಇವ್ರೆಲ್ಲಾ ಒಂದ ದಿನದ ಗಳಿಕಿ ಕಳಕೊಳ್ಳೂದು ನಾ ಮನ್ಯಾಗ ಕುಂತ ನೋಡ್ಲೇನು?”

ಅಲ್ಲಿಗೆ ಫೋನು ಇಟ್ಟುಬಿಟ್ಟಳು. ಒಂದು ನಿಮಿಷ ಪರದೆಯ ಮೇಲೆ ಏನೂ ಆಗಲಿಲ್ಲ. ಆಮೇಲೆ ಆ ಕಪ್ಪು ಜಾಗದ ಮೂಲೆಯಲ್ಲಿ ಒಂದು ಚುಕ್ಕಿ ಹೊತ್ತಿಕೊಂಡಿತು.

“ಗಿರಣಿ,” ಎಂದ ಮಹಾಂತೇಶ ಮೆಲ್ಲಗೆ.

ಅದರ ಪಕ್ಕ ಇನ್ನೊಂದು. ಬಳೆ ಅಂಗಡಿ. ಆಮೇಲೆ ಹೂವಿನ ಸಾಲಿನಲ್ಲಿ ನಾಲ್ಕು, ಎಂಟು, ಎಣಿಸಲಾಗದಷ್ಟು. ಬ್ಯಾಂಕಿನ ಬಾಗಿಲಿನಿಂದ ಪೇಟೆಯ ಕೊನೆಯವರೆಗೂ ಬೆಳಕು ಒಂದೊಂದೇ ಬಾಗಿಲು ತೆರೆದುಕೊಂಡು ಹೋಯಿತು. ದಾಕ್ಷಾಯಿಣಿ ಹದಿನಾಲ್ಕು ವರ್ಷದಲ್ಲಿ ಈ ಪರದೆಯ ಮೇಲೆ ಏನೇನೋ ನೋಡಿದ್ದಳು, ಇಂಥದ್ದನ್ನು ನೋಡಿರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಅಧ್ಯಕ್ಷರ ಎದುರು ಅಳಬಾರದೆಂದು ತಡೆದಳು, ತಡೆಯಲಾಗಲಿಲ್ಲ, ಅತ್ತುಬಿಟ್ಟಳು.

“ಎಷ್ಟು ಹೊತ್ತಾಯ್ತು?” ಎಂದರು ವೆಂಕಟಾಚಲಯ್ಯನವರು.

“ಹದಿನೇಳು ನಿಮಿಷ ಸರ್,” ಎಂದಳು ಮೂಗು ಒರೆಸಿಕೊಳ್ಳುತ್ತ. “ಪೇಟೆ ಪೂರ್ತಿ ಬಂತು. ಪ್ರಯೋಗ ಮಾತ್ರ ಹಾಳಾಯ್ತು.”

“ನಾಳೆಯಿಂದ ಬೇಡ ಬಿಡಿ.” ಅವರು ಮೇಜಿನ ಮೇಲಿದ್ದ ಪಟ್ಟಿ ಎಳೆದುಕೊಂಡು, ಪಿಗ್ಮಿ ಸಂಗ್ರಾಹಕರು ಎಂಬ ಸಾಲನ್ನು ತಮ್ಮ ಕೈಯಿಂದಲೇ ಹೊಡೆದುಹಾಕಿದರು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಬದಲಿ ಎತ್ತುವುದು ತಪ್ಪಲ್ಲ’ ಎಂದು ಸೇರಿಸಿ ಸಹಿ ಮಾಡಿದರು. ಪೆನ್ನು ಜೇಬಿಗಿಟ್ಟುಕೊಂಡು, ಏನೋ ನೆನಪಾದವರಂತೆ ಕೇಳಿದರು: “ಈಗ ಬ್ಯಾಂಕಿನಲ್ಲಿ ಎಷ್ಟು ಜನ ಇದಾರೆ?”

ದಾಕ್ಷಾಯಿಣಿ ಬ್ಯಾಂಕಿಗೆ ಫೋನು ಮಾಡಿಸಿದಳು. ಪಾಳಿಯಲ್ಲಿ ಒಬ್ಬಳೇ ಹೆಂಗಸು ಉಳಿದಿದ್ದಾಳೆ, ಕೈಯಲ್ಲಿ ನೂರಾ ಹದಿಮೂರು ಚೀಟಿ ಇವೆ, ಕೂತುಕೊಳ್ಳಿ ಎಂದು ಕುರ್ಚಿ ಕೊಟ್ಟರೂ ಕೂಡುತ್ತಿಲ್ಲ ಎಂದರು.